ಕಲೆಯ ಕೆಲಸ ನಿಲ್ಲದಂತೆ ಮನಸ್ಸನ್ನು ನೋಡಿಕೊಳ್ಳುವುದು ಹೇಗೆ: ಹಂತ ಹಂತವಾಗಿ

ಪ್ರತಿ ಭಾನುವಾರ ಬೆಳಿಗ್ಗೆ ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಎಂಟು ಹತ್ತು ಜನ ಸೇರುತ್ತೇವೆ. ಕಥೆ ಬರೆಯುವವರು, ನಾಟಕದವರು, ಚಿತ್ರ ಬಿಡಿಸುವವರು, ಜೊತೆಗೆ ಮಂಡ್ಯದಿಂದ ರೈಲು ಹತ್ತಿ ಬರುವ ಇಬ್ಬರು ಹುಡುಗರು. ತಂದದ್ದನ್ನು ಓದಿ ತೋರಿಸುವ ಮೊದಲೇ ಯಾರಾದರೂ ಒಬ್ಬರು ಹೇಳುವ ಮಾತು ಇದು: "ಈ ವಾರ ಏನೂ ಆಗಲಿಲ್ಲ ಅಕ್ಕ, ಮನಸ್ಸೇ ಸರಿ ಇರಲಿಲ್ಲ."

ಇವರೆಲ್ಲ ಪ್ರಯತ್ನ ಪಟ್ಟವರೇ. ಧ್ಯಾನ ಶುರು ಮಾಡಿದ್ದಾರೆ, ಡೈರಿ ಬರೆದಿದ್ದಾರೆ, ಬೆಳಗಿನ ಜಾವ ಏಳುವ ಶಪಥ ಮಾಡಿದ್ದಾರೆ. ಮೂರನೇ ವಾರಕ್ಕೆ ಎಲ್ಲವೂ ನಿಂತುಹೋಗುತ್ತದೆ. ಅವರಿಗೆ ಶ್ರದ್ಧೆ ಸಾಲದು ಎಂದರೆ ನಾನು ಒಪ್ಪುವುದಿಲ್ಲ. ತಪ್ಪಿರುವುದು ಕ್ರಮ. ಮೈ ದಣಿದು ಬಿದ್ದಿರುವಾಗ ಯೋಚನೆಗಳ ಜೊತೆ ವಾದಕ್ಕಿಳಿಯುತ್ತಾರೆ, ಸೋಲುತ್ತಾರೆ, ಸೋತ ಗಳಿಗೆಯಲ್ಲೇ ತಮ್ಮ ಕೆಲಸದ ಬಗ್ಗೆ ತೀರ್ಪನ್ನೂ ಕೊಟ್ಟುಕೊಳ್ಳುತ್ತಾರೆ. ಮೊದಲು ಮೈ, ಆಮೇಲೆ ಭಾವನೆಗೆ ಹೆಸರು, ಆಮೇಲೆ ಯೋಚನೆ, ಆಮೇಲೆ ಕೆಲಸ. ತೀರ್ಪು ಎಲ್ಲಕ್ಕಿಂತ ಕೊನೆಗೆ. ಈ ಸಾಲನ್ನು ಹಿಂದುಮುಂದು ಮಾಡಬೇಡಿ.

## ಬೇಕಾಗುವ ಸಾಮಾನು

ಎರಡು ನೋಟ್‌ಬುಕ್. ಒಂದು ಕೆಲಸಕ್ಕೆ, ಇನ್ನೊಂದು ಮನಸ್ಸಿಗೆ. ಎರಡನೆಯದು ಅಂಗಿ ಜೇಬಿಗೋ ಪರ್ಸಿಗೋ ಹಿಡಿಸುವಷ್ಟು ಚಿಕ್ಕದಿರಲಿ. ಚೆಂದದ ರಟ್ಟಿನ ದುಬಾರಿ ಪುಸ್ತಕ ಬೇಡ, ಅಂಥದ್ದರಲ್ಲಿ ನಿಜ ಬರೆಯಲು ಕೈ ಹಿಂಜರಿಯುತ್ತದೆ.

ಒಂದು ದೊಡ್ಡ ಲಕೋಟೆ ಅಥವಾ ದಾರ ಕಟ್ಟುವ ಫೈಲು. ಇದರ ಉಪಯೋಗ ಐದನೇ ಹಂತದಲ್ಲಿ ಬರುತ್ತದೆ.

ಮುಳ್ಳಿನ ಅಲಾರಾಂ ಗಡಿಯಾರ. ಫೋನಿನ ಅಲಾರಾಂ ಆಗುವುದಿಲ್ಲ, ಅದನ್ನು ನಿಲ್ಲಿಸಲು ಹೋದ ಕೈ ಮತ್ತೆ ಇಪ್ಪತ್ತು ನಿಮಿಷ ಫೋನ್ ಬಿಡುವುದಿಲ್ಲ.

ಕೊನೆಯದಾಗಿ ಒಬ್ಬ ಮನುಷ್ಯ. ಹೊಗಳುವವರೂ ಬೇಡ, ತಿದ್ದುವವರೂ ಬೇಡ. "ಇವತ್ತು ಹೀಗಾಯ್ತು" ಎಂದರೆ ಹತ್ತು ನಿಮಿಷ ಕೇಳಿಸಿಕೊಳ್ಳುವವರು ಸಾಕು.

## 1. ಏನನ್ನೂ ಬದಲಿಸದೆ ಒಂದು ವಾರ ಬರೆದಿಡಿ

ಮನಸ್ಸು ಕೆಟ್ಟಾಗಲೆಲ್ಲ ಚಿಕ್ಕ ಪುಸ್ತಕದಲ್ಲಿ ನಾಲ್ಕು ವಿಷಯ ಬರೆಯಿರಿ: ಹೊತ್ತೆಷ್ಟು, ಏನು ಮಾಡುತ್ತಿದ್ದೆ, ಮೈಯಲ್ಲಿ ಎಲ್ಲಿ ಗೊತ್ತಾಯಿತು, ಮನಸ್ಸು ಏನೆಂದಿತು. ಹೀಗೆ:

"ಮಂಗಳವಾರ ರಾತ್ರಿ 9.40. ಗೆಳತಿಯ ಚಿತ್ರ ಪ್ರದರ್ಶನದ ಫೋಟೊ ನೋಡಿದೆ. ಎದೆ ಬಿಗಿ. ನನ್ನನ್ನು ಯಾರೂ ಕರೆಯುವುದಿಲ್ಲ."

ಇಷ್ಟೇ. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು.

ಇಲ್ಲಿ ಬರಹಗಾರರು ಮಾಡುವ ತಪ್ಪೊಂದಿದೆ, ಬೇರೆಯವರು ಮಾಡುವುದಿಲ್ಲ. ದುಃಖವನ್ನು ಬರೆಯಲು ಕೂತವರು ಎರಡನೇ ಸಾಲಿಗೇ ವಾಕ್ಯವನ್ನು ಸಿಂಗರಿಸಲು ಶುರು ಮಾಡುತ್ತಾರೆ. ಎದೆ ಬಿಗಿಯಾದದ್ದು ಹೋಗಿ "ಎದೆಯೊಳಗೆ ಕಲ್ಲಿನ ಕೋಟೆ" ಬಂದರೆ ಪುಸ್ತಕ ಮುಚ್ಚಿ. ಅದು ಕವಿತೆಯ ಸಾಲು, ಕೆಲಸದ ನೋಟ್‌ಬುಕ್ಕಿಗೆ ಹೋಗಲಿ. ಇಲ್ಲಿ ಬೇಕಾಗಿರುವುದು ಲೆಕ್ಕ.

ವಾರದ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಓದಿ. ನಮ್ಮ ಗುಂಪಿನ ಚಿತ್ರಕಲಾವಿದೆಯೊಬ್ಬರ ಪುಸ್ತಕದಲ್ಲಿ ಆರು ನಮೂದು ಇದ್ದವು, ಐದು ಮಧ್ಯಾಹ್ನ ಮೂರರಿಂದ ಐದರ ನಡುವಿನವು. ಐದೂ ದಿನ ಅವರು ಮಧ್ಯಾಹ್ನದ ಊಟ ಬಿಟ್ಟಿದ್ದರು. ಎರಡು ವರ್ಷದಿಂದ "ನನ್ನಲ್ಲಿ ಪ್ರತಿಭೆಯೇ ಇಲ್ಲವೇನೋ" ಎಂದು ಕೊರಗಿದ್ದರಲ್ಲಿ ಎಷ್ಟು ಪಾಲು ಖಾಲಿ ಹೊಟ್ಟೆಯದೋ!

## 2. ಮೈಯನ್ನು ಮೊದಲು ಸರಿಮಾಡಿ

ಇದನ್ನು ಎಲ್ಲರೂ ಹಾರಿಸುತ್ತಾರೆ. ಹಾರಿಸಿದವರು ಮೂರನೇ ಹಂತದಲ್ಲಿ ಸಿಕ್ಕಿಬೀಳುತ್ತಾರೆ.

ಏಳುವ ಹೊತ್ತು. ಮಲಗುವ ಹೊತ್ತು ನಿಮ್ಮ ಕೈಯಲ್ಲಿ ಇರಲಿಕ್ಕಿಲ್ಲ, ಏಳುವ ಹೊತ್ತು ಇದೆ. ನಾಟಕದ ತಾಲೀಮು ರಾತ್ರಿ ಹತ್ತಕ್ಕೆ ಮುಗಿದರೆ ಮನೆಗೆ ಬಂದ ತಕ್ಷಣ ನಿದ್ದೆ ಬರುವುದಿಲ್ಲ, ಮೈ ಇನ್ನೂ ರಂಗದ ಮೇಲೇ ಇರುತ್ತದೆ. ಮುಖ ತೊಳೆದು, ದೀಪ ತಗ್ಗಿಸಿ, ಮುಕ್ಕಾಲು ಗಂಟೆ ಸುಮ್ಮನೆ ಕೂರಿ. ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಏಳುವುದರಲ್ಲಿ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಬೇಡ. ಕೊರತೆ ಬಿದ್ದ ನಿದ್ದೆಯನ್ನು ಮಧ್ಯಾಹ್ನ ಇಪ್ಪತ್ತು ನಿಮಿಷ ತುಂಬಿಕೊಳ್ಳಿ.

ಕಾಫಿ. ಮೈಸೂರಿನಲ್ಲಿ ಕಾಫಿ ಬಿಡಿ ಎಂದು ಯಾರಿಗೂ ಹೇಳಲಾರೆ. ಕುಡಿದ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಐದು ಗಂಟೆಯಾದ ಮೇಲೂ ಮೈಯಲ್ಲಿ ಉಳಿದಿರುತ್ತದೆ, ಹಾಗಾಗಿ ಮಧ್ಯಾಹ್ನ ಎರಡರ ಮೇಲಿನ ಲೋಟವನ್ನು ಕೈಬಿಡಿ. ಎದೆ ಡವಗುಟ್ಟುವುದನ್ನು, ಕೈ ನಡುಗುವುದನ್ನು ಭಯ ಎಂದುಕೊಂಡವರು ಹಲವರಿದ್ದಾರೆ. ಆ ಭಯದಲ್ಲಿ ಅರ್ಧ ಪಾಲು ನಾಲ್ಕನೇ ಲೋಟ ಕಾಫಿಯದು.

ಉಸಿರು. ಕೂತು, ಭುಜ ಇಳಿಬಿಟ್ಟು, ನಾಲ್ಕು ಎಣಿಸುತ್ತ ಮೂಗಿನಿಂದ ಒಳಗೆ, ಆರು ಎಣಿಸುತ್ತ ಹೊರಗೆ. ಐದು ನಿಮಿಷ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಬಿಡುವ ಭಾಗ ಉದ್ದವಿರಬೇಕು. ತಲೆ ಸುತ್ತಿದರೆ ಎದೆ ತುಂಬ ಎಳೆಯುತ್ತಿದ್ದೀರಿ ಎಂದರ್ಥ. ನಿಲ್ಲಿಸಿ, ಮಾಮೂಲಿ ಉಸಿರಿಗೆ ಮರಳಿ.

ನಡಿಗೆ. ದಿನಕ್ಕೆ ಅರ್ಧ ಗಂಟೆ, ಫೋನಿಲ್ಲದೆ. ಕುಕ್ಕರಹಳ್ಳಿ ಕೆರೆಯ ಏರಿ, ಲಿಂಗಾಂಬುಧಿ, ಮಂಡ್ಯ ಕಡೆಯವರಾದರೆ ಗದ್ದೆ ಬದಿಯ ಹಾದಿ. ನಾಲೆಯ ಏರಿ ಮೇಲೆ ಹೋಗುವವರು ಕತ್ತಲಾಗುವ ಮೊದಲೇ ಹಿಂದಿರುಗಿ. ನಡೆಯುವಾಗ ಕಥೆಯ ಬಗ್ಗೆ ಯೋಚಿಸಲೇಬೇಕು ಎಂಬ ಹಟ ಬೇಡ. ಕುಕ್ಕರಹಳ್ಳಿಯಲ್ಲಿ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ನೀರಿಗೆ ಇಳಿಯುವುದನ್ನು ಒಮ್ಮೆ ನಿಂತು ನೋಡಿ. ಅಷ್ಟು ದೊಡ್ಡ ಮೈ ಹೊತ್ತು ಬಂದು, ಕಾಲು ಮುಂದೆ ಚಾಚಿ, ನೀರನ್ನು ಉದ್ದಕ್ಕೆ ಗೀರುತ್ತ ನಿಲ್ಲುತ್ತವೆ. ಅದನ್ನು ನೋಡುವಷ್ಟು ಹೊತ್ತು ನಿಮ್ಮ ಬಗ್ಗೆ ನೀವು ಯೋಚಿಸಿರುವುದಿಲ್ಲ. ಅಷ್ಟು ಬಿಡುವು ಸಾಕು.

## 3. "ಬೇಜಾರು" ಎಂಬ ಮಾತನ್ನು ಬಿಡಿಸಿ

ಮಂಡ್ಯದ ಹುಡುಗನೊಬ್ಬ ಹೇಳಿದ್ದು. ಮೂರು ದಿನ ಜಗಲಿ ಮೇಲೆ ಗೋಡೆಗೊರಗಿ ಕೂತಿದ್ದನಂತೆ. ಅವರವ್ವ ಹುಲ್ಲಿನ ಹೊರೆ ಇಳಿಸಿ ಕೇಳಿದರಂತೆ: "ಏನ್ಲಾ ಮಗ, ಮಂಕು ಬಡ್ದೋನಂಗೆ ಕುಂತಿದ್ದೀಯಲ್ಲ, ಏನಾಯ್ತ್ಲಾ?"

"ಏನಿಲ್ಲ ಕಣವ್ವ, ಬೇಜಾರು."

"ಬೇಜಾರು ಅಂದ್ರೆ ಯಾವ್ದ್ಲಾ? ಹೊಟ್ಟೆ ಹಸ್ದದ್ದಾ, ಯಾರಾರ ಅಂದದ್ದಾ, ಮಾಡೋಕೆ ಕ್ಯಾಮೆ ಇಲ್ದೆ ಬಂದದ್ದಾ?"

ನಾನು ಓದಿದ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಕೇಳಿಲ್ಲ. ಬೇಜಾರು ಎಂಬ ಒಂದೇ ಚೀಲಕ್ಕೆ ನಾವು ಎಲ್ಲವನ್ನೂ ತುಂಬುತ್ತೇವೆ, ಒಂದೊಂದಕ್ಕೂ ಮದ್ದು ಬೇರೆ ಇರುತ್ತದೆ. 2007ರಲ್ಲಿ ಅಮೆರಿಕದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಮೆದುಳಿನ ಸ್ಕ್ಯಾನ್ ಮಾಡುತ್ತ ನಡೆಸಿದ ಪ್ರಯೋಗದಲ್ಲಿ, ಚಿತ್ರದಲ್ಲಿರುವ ಮುಖದ ಭಾವಕ್ಕೆ ಜನ ಒಂದು ಪದ ಹಚ್ಚಿದಾಗ ಮೆದುಳಿನ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗಿದ್ದು ಕಂಡಿತು. ಭಯದಂಥ ಭಾವನೆಗಳಲ್ಲಿ ಕೆರಳುವ ಭಾಗ ಅದು. ಸರಿಯಾದ ಹೆಸರು ಸಿಕ್ಕಾಗ ಭುಜ ತಾನಾಗಿಯೇ ಇಳಿಯುವುದನ್ನು ನೀವೂ ಗಮನಿಸಬಹುದು.

ಕಲೆಯ ಕೆಲಸ ಮಾಡುವವರಲ್ಲಿ ಪದೇ ಪದೇ ಬರುವವು ಇವು:

ಅಳುಕು. ಕೆಲಸಕ್ಕೆ ಮೊದಲು ಬರುತ್ತದೆ. ಕೆಲಸದ ಗಾತ್ರ ಕಡಿಮೆ ಮಾಡಿದರೆ ಇಳಿಯುತ್ತದೆ. ಅಧ್ಯಾಯ ಬರೆಯಬೇಕು ಎಂಬುದನ್ನು "ಆ ಅಡುಗೆಮನೆಯ ಕಿಟಕಿ ಹೇಗಿತ್ತು ಎಂದು ಐದು ಸಾಲು" ಎಂದು ಮಾಡಿಕೊಳ್ಳಿ.

ಮುಜುಗರ. ಕೆಲಸ ಬೇರೆಯವರ ಕಣ್ಣಿಗೆ ಬಿದ್ದ ಮೇಲೆ ಬರುತ್ತದೆ. ಇದಕ್ಕೆ ಮಾಡಬೇಕಾದ್ದು ಏನೂ ಇಲ್ಲ, ಮೂರು ದಿನ ಕೃತಿಯನ್ನು ಮುಟ್ಟಬೇಡಿ.

ಹೊಟ್ಟೆಕಿಚ್ಚು. ಇದನ್ನು ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ, ಒಪ್ಪಿಕೊಂಡರೆ ಎಲ್ಲಕ್ಕಿಂತ ಉಪಯೋಗ. ಅವರ ಯಾವುದನ್ನು ಕಂಡು ನನಗೆ ಹೊಟ್ಟೆ ಉರಿಯುತ್ತದೆ ಎಂದು ಕೆದಕಿ ನೋಡಿ. ಹೆಸರೇ, ಹಣವೇ, ಬಿಡುವೇ? ನಮ್ಮಲ್ಲಿ ಒಬ್ಬರಿಗೆ ಇನ್ನೊಬ್ಬರ ಕಾದಂಬರಿಯ ಮೇಲೆ ಸಿಟ್ಟಿತ್ತು. ಬರೆಯುತ್ತ ಹೋದಂತೆ ಗೊತ್ತಾದದ್ದು, ಅವರಿಗೆ ಬೇಕಿದ್ದುದು ಆ ಲೇಖಕಿಗೆ ಸಿಗುತ್ತಿದ್ದ ಬೆಳಗಿನ ಹೊತ್ತು. ಈಗ ಮಗುವನ್ನು ಶಾಲೆಯ ವ್ಯಾನು ಹತ್ತಿಸಿದ ಮೇಲೆ ಒಂದು ಗಂಟೆ ಪಾತ್ರೆ ಮುಟ್ಟುವುದಿಲ್ಲ, ಬರೆಯುತ್ತಾರೆ.

ಕಸಿವಿಸಿ. ಕೆಲಸದಲ್ಲೇ ಎಲ್ಲೋ ತಪ್ಪಿದೆ, ನಿಮಗದು ಗೊತ್ತು, ಒಪ್ಪಿಕೊಂಡಿಲ್ಲ. ಇದನ್ನು ಸಮಾಧಾನ ಮಾಡಬೇಡಿ. ಗಟ್ಟಿಯಾಗಿ ಓದುತ್ತ ಹೋಗಿ, ದನಿ ತಡವರಿಸುವ ಜಾಗದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ.

ಕೊರಗು. ಕಳೆದುಕೊಂಡದ್ದರದು. ಉಸಿರಾಟದಿಂದ ಹೋಗುವುದಿಲ್ಲ, ನೋಟ್‌ಬುಕ್ಕಿಗೂ ಬಗ್ಗುವುದಿಲ್ಲ. ಕೇಳಿಸಿಕೊಳ್ಳುವ ಮನುಷ್ಯ ಬೇಕು.

ದಣಿವು. ಇದು ಭಾವನೆಯೇ ಅಲ್ಲ, ಹತಾಶೆಯ ವೇಷದಲ್ಲಿ ಬರುತ್ತದೆ. ಎರಡನೇ ಹಂತಕ್ಕೆ ಹಿಂದಿರುಗಿ.

ಇನ್ನೂ ಆಳದ ಸಂಗತಿ ಕಾಡುತ್ತಿದ್ದರೆ ಬರೆದು ಹೊರಹಾಕುವ ವಿಧಾನ ಇದೆ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ತಮ್ಮ ಬದುಕಿನ ಕಷ್ಟದ ಘಟನೆಯನ್ನು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಬರೆದ ಕೂಡಲೇ ಅವರಿಗೆ ಮನಸ್ಸು ಇನ್ನಷ್ಟು ಭಾರವಾಗಿತ್ತು ಎಂಬುದನ್ನು ನೆನಪಿಡಿ. ಅನುಕೂಲ ಕಂಡದ್ದು ತಿಂಗಳುಗಳಾದ ಮೇಲೆ. ಹಾಗಾಗಿ ಮಲಗುವ ಮೊದಲು ಇದಕ್ಕೆ ಕೈಹಾಕಬೇಡಿ, ಮನೆಯಲ್ಲಿ ಒಬ್ಬರೇ ಇರುವಾಗಲೂ ಬೇಡ. ಬರೆಯುತ್ತ ಕೈಕಾಲು ತಣ್ಣಗಾಗಿ ಆ ಘಟನೆಯೇ ಮತ್ತೆ ನಡೆದಂತಾದರೆ ಪೆನ್ನು ಇಟ್ಟುಬಿಡಿ. ಅದನ್ನು ಆಪ್ತಸಮಾಲೋಚಕರ ಎದುರು ಬಿಚ್ಚಿಡುವುದೇ ಸರಿ.

## 4. ನಡೆದದ್ದು ಒಂದು ಕಡೆ, ಹೇಳಿಕೊಂಡದ್ದು ಒಂದು ಕಡೆ

ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಡೆದದ್ದು: "ಪತ್ರಿಕೆಯಿಂದ ಕಥೆ ವಾಪಸ್ ಬಂತು." ಬಲಕ್ಕೆ ನೀವು ಹೇಳಿಕೊಂಡದ್ದು: "ನನಗೆ ಬರೆಯಲು ಬರುವುದಿಲ್ಲ. ಇನ್ನು ಮುಂದೆಯೂ ಬರುವುದಿಲ್ಲ. ಮನೆಯವರು ಹೇಳಿದ್ದೇ ಸರಿ." ಎಡಗಡೆ ಒಂದು ಸಾಲು, ಬಲಗಡೆ ಮೂರು. ಬಲಗಡೆಯ ಒಂದೊಂದು ಸಾಲನ್ನೂ "ಹಾಗಂತ ನನ್ನ ಮನಸ್ಸು ಹೇಳುತ್ತಿದೆ" ಎಂದು ಸೇರಿಸಿ ಮತ್ತೆ ಓದಿ. ವಾದಿಸಬೇಡಿ, ಸುಳ್ಳು ಧೈರ್ಯವನ್ನೂ ಹೇಳಿಕೊಳ್ಳಬೇಡಿ. "ನಾನು ಮಹಾ ಲೇಖಕಿ" ಎಂದು ಕನ್ನಡಿಯ ಮುಂದೆ ಹೇಳಿಕೊಂಡವರನ್ನು ನೋಡಿದ್ದೇನೆ, ಮರುಕ್ಷಣವೇ ಮನಸ್ಸು ಇಮ್ಮಡಿ ಜೋರಾಗಿ ತಿರುಗಿಬೀಳುತ್ತದೆ.

ಅದೇ ಯೋಚನೆ ದಿನವಿಡೀ ಗಾಣ ಸುತ್ತುತ್ತಿದ್ದರೆ ಅದಕ್ಕೊಂದು ಹೊತ್ತು ಗೊತ್ತುಮಾಡಿ. ಸಂಜೆ ಆರರಿಂದ ಆರೂಕಾಲು, ದಿನವೂ ಒಂದೇ ಜಾಗ. ಬೆಳಿಗ್ಗೆ ಬಂದ ಚಿಂತೆಗೆ "ಸಂಜೆ ಬಾ" ಎಂದು ಹೇಳಿ, ಗುರುತಿಗೆ ಒಂದು ಪದ ಬರೆದಿಡಿ. ಸಂಜೆ ಕೂತಾಗ ಅರ್ಧದಷ್ಟು ಆಗಲೇ ಹಳಸಿರುತ್ತವೆ. ಹಾಸಿಗೆಯ ಮೇಲೆ ಮಾತ್ರ ಈ ಹೊತ್ತು ಇಡಬೇಡಿ.

ನಿಜವಾದ ತೊಂದರೆಯನ್ನು ಯೋಚನೆ ಎಂದು ತಳ್ಳಿಹಾಕುವುದೂ ತಪ್ಪೇ. ಬಾಡಿಗೆಗೆ ದುಡ್ಡಿಲ್ಲ ಎಂಬುದು ಎಡಗಡೆಯ ಸಾಲು. ಅದಕ್ಕೆ ಬೇಕಾದ್ದು ಲೆಕ್ಕದ ಪುಸ್ತಕ, ಟ್ಯೂಷನ್ನು, ಅನುವಾದದ ಕೆಲಸ, ಅಣ್ಣನ ಹತ್ತಿರ ಒಂದು ನೇರ ಮಾತು. ಹಣದ ಕಷ್ಟದಲ್ಲಿರುವ ಕಲಾವಿದರಿಗೆ "ಪಾಸಿಟಿವ್ ಆಗಿ ಯೋಚಿಸಿ" ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

## 5. ಕೆಲಸಕ್ಕೆ ಹಿಂದಿರುಗಿ, ತೀರ್ಪು ಮುಂದೂಡಿ

ಮನಸ್ಸು ಪೂರ್ತಿ ತಿಳಿಯಾಗಲಿ ಎಂದು ಕಾಯಬೇಡಿ. ಹತ್ತಕ್ಕೆ ಆರರಷ್ಟು ತಿಳಿಯಾಗಿದ್ದರೆ ಸಾಕು, ಅಲಾರಾಂ 25 ನಿಮಿಷಕ್ಕೆ ಇಟ್ಟು ಕೂರಿ. ಗಂಟೆ ಹೊಡೆದಾಗ ವಾಕ್ಯದ ನಡುವೆ ಇದ್ದರೂ ನಿಲ್ಲಿಸಿ. ಅರ್ಧ ವಾಕ್ಯ ನಾಳೆ ನಿಮ್ಮನ್ನು ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತದೆ.

ಬರೆಯುವ ದಿನ ತಿದ್ದಬೇಡಿ, ತಿದ್ದುವ ದಿನ ಹೊಸದು ಬರೆಯಬೇಡಿ. ಚಿತ್ರದವರಾದರೆ ದಿನದ ಕೆಲಸ ಮುಗಿದ ಮೇಲೆ ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ.

ಇನ್ನು ಲಕೋಟೆ. ಹಲವು ವರ್ಷಗಳ ಹಿಂದೆ ಒಬ್ಬ ಪ್ರಕಾಶಕರು ನನ್ನ ಹಸ್ತಪ್ರತಿಯನ್ನು ಓದದೆಯೇ ಹಿಂದಿರುಗಿಸಿದರು. ಪುಟಗಳ ನಡುವೆ ನಾನು ಅಂಟಿಸಿದ್ದ ಚೀಟಿ ಬಿಚ್ಚಿಯೇ ಇರಲಿಲ್ಲ. ಆ ರಾತ್ರಿ ಹನ್ನೊಂದೂವರೆಗೆ ಸುಮಾರು ನಲವತ್ತು ಪುಟ ಹರಿದು ಬಚ್ಚಲಿನ ಬಕೆಟ್ಟಿಗೆ ಹಾಕಿದೆ. ಬೆಳಿಗ್ಗೆ ಹಾಲು ಕಾಯಿಸಿ ಬಂದು ನೋಡಿದರೆ ಒಂದು ಚೂರು ಬಕೆಟ್ಟಿನ ಅಂಚಿಗೆ ಅಂಟಿಕೊಂಡಿತ್ತು. ಇಂಕು ಹರಡಿತ್ತು, ಆದರೂ ಓದಲು ಬರುತ್ತಿತ್ತು: ನಮ್ಮಜ್ಜಿ ಒರಳಿನ ಮುಂದೆ ಕೂತು ಕೂದಲನ್ನು ಮೊಣಕೈಯಿಂದ ಹಿಂದೆ ತಳ್ಳುವ ಸಾಲು. ಒಳ್ಳೆಯ ಸಾಲು ಅದು. ಅದರ ಮುಂದಿನದು, ಹಿಂದಿನದು ನನಗೆ ಇಂದಿಗೂ ಸಿಕ್ಕಿಲ್ಲ.

ಆಮೇಲೆ ಮಾಡಿಕೊಂಡ ನಿಯಮ ಇದು. ಹರಿಯಬೇಕು, ಅಳಿಸಬೇಕು, ಡಿಲೀಟ್ ಮಾಡಬೇಕು ಎನಿಸಿದ್ದನ್ನೆಲ್ಲ ಲಕೋಟೆಗೆ ಹಾಕಿ, ಮೇಲೆ ತಾರೀಕು ಬರೆದು, ಏಳು ದಿನ ಮುಟ್ಟದಿರುವುದು. ಏಳನೇ ದಿನ ಬೆಳಗಿನ ಬೆಳಕಿನಲ್ಲಿ, ಹೊಟ್ಟೆ ತುಂಬಿರುವಾಗ ತೆಗೆದು ಓದುವುದು. ಆಗಲೂ ಕೆಟ್ಟದ್ದೆನಿಸಿದರೆ ಧಾರಾಳವಾಗಿ ಹರಿಯಿರಿ. ಸಂತೋಷದ ತೀರ್ಪಿಗೂ ಇದೇ ನಿಯಮ: ರಾತ್ರಿ ಎರಡಕ್ಕೆ ಮುಗಿಸಿದ ಕವಿತೆಯನ್ನು ಎರಡೂಕಾಲಿಗೆ ಯಾರಿಗೂ ಕಳಿಸಬೇಡಿ.

## 6. ಬೇರೆಯವರ ಮಾತು

ಅಭಿಪ್ರಾಯ ಕೇಳುವಾಗ "ಹೇಗಿದೆ?" ಎನ್ನಬೇಡಿ. "ಎಲ್ಲಿ ಬೇಸರ ಬಂತು? ಎಲ್ಲಿ ಅರ್ಥವಾಗಲಿಲ್ಲ? ಯಾವುದು ನೆನಪಿನಲ್ಲಿ ಉಳಿಯಿತು?" ಈ ಮೂರೇ ಕೇಳಿ. ಉತ್ತರ ಬರೆದುಕೊಳ್ಳಿ, ಸಮರ್ಥನೆ ಕೊಡಬೇಡಿ.

ಏನನ್ನಾದರೂ ಫೋನಿನಲ್ಲಿ ಹಾಕಿದರೆ ದಿನಕ್ಕೆ ಒಮ್ಮೆ ಮಾತ್ರ ನೋಡಿ, ಕೆಲಸ ಮುಗಿದ ಮೇಲೆ. ಮನೆಯವರು "ಇದರಿಂದ ಏನು ಬರುತ್ತೆ?" ಎಂದಾಗ ಕಲೆಯ ಮಹತ್ವ ವಿವರಿಸಲು ಹೋಗಬೇಡಿ. ಅವರು ಕೇಳುತ್ತಿರುವುದು ನಿಮ್ಮ ನಾಳೆಯ ಬಗ್ಗೆ. "ಬೆಳಿಗ್ಗೆ ಒಂದು ಗಂಟೆ ಇದು, ಮಿಕ್ಕ ಹೊತ್ತು ಕೆಲಸ" ಎಂಬ ಲೆಕ್ಕದ ಉತ್ತರ ಅಪ್ಪಂದಿರಿಗೆ ಬೇಗ ಅರ್ಥವಾಗುತ್ತದೆ.

## 7. ಮುಗಿದ ಮರುದಿನಕ್ಕೆ ತಯಾರಿ

ಕಲಾಮಂದಿರದಲ್ಲಿ ಕೊನೆಯ ಪ್ರದರ್ಶನ ಮುಗಿದು, ಬಣ್ಣ ಒರೆಸಿ, ರಂಗಸಜ್ಜಿಕೆ ಲಾರಿಗೆ ಏರಿಸಿದ ಮರುದಿನ ನಟರಿಗೆ ಎದೆ ಖಾಲಿಯಾಗುತ್ತದೆ. ದಸರಾ ಹತ್ತು ದಿನ ಮೇಲಿಂದ ಮೇಲೆ ಕಾರ್ಯಕ್ರಮ ಕೊಟ್ಟ ಗಾಯಕರಿಗೂ ವಿಜಯದಶಮಿಯ ಮಾರನೆಯ ದಿನ ಹಾಗೆಯೇ. ಇದು ಸೋಲಿನ ಗುರುತಲ್ಲ, ವಾರಗಟ್ಟಲೆ ಬಿಗಿದಿದ್ದ ಮೈ ಸಡಿಲಾಗುತ್ತಿದೆ. ಮರುದಿನಕ್ಕೆ ಮೂರು ಕೆಲಸ ಮೊದಲೇ ಗೊತ್ತುಮಾಡಿ: ಒಂದು ಕೈಕೆಲಸ (ಬಟ್ಟೆ ಒಗೆಯುವುದು, ಗಿಡಕ್ಕೆ ಮಣ್ಣು ಏರಿಸುವುದು), ಒಬ್ಬರ ಜೊತೆ ಊಟ, ಬೇಗ ನಿದ್ದೆ. ಮುಂದಿನ ನಾಟಕ ಒಪ್ಪಿಕೊಳ್ಳುವುದು, ಕೆಲಸ ಬಿಡುವುದು, ಸಂಬಂಧ ಮುರಿಯುವುದು ಇಂಥ ನಿರ್ಧಾರಗಳು ಒಂದು ವಾರ ಬೇಡ.

## ಅಪಾಯದ ಸೂಚನೆಗಳು

ಮೇಲಿನ ಹಂತಗಳು ದಿನನಿತ್ಯದ ಏರಿಳಿತಕ್ಕೆ. ಕೆಳಗಿನವು ಕಂಡರೆ ನೋಟ್‌ಬುಕ್ ಬದಿಗಿಟ್ಟು ವೈದ್ಯರ ಹತ್ತಿರ ಹೋಗಬೇಕು.

ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಮಂಕು ಕವಿದಿರುವುದು, ಇಷ್ಟದ ಕೆಲಸದಲ್ಲೂ ರುಚಿ ಹೋಗುವುದು, ನಿದ್ದೆ ಅಥವಾ ಊಟ ಕೆಡುವುದು. ಕೆಲಸಕ್ಕೆ ಕೂರಲು ಮದ್ಯ ಬೇಕೇ ಬೇಕು ಎನ್ನಿಸುವುದು.

ಇನ್ನೊಂದನ್ನು ಕಲಾವಿದರು ವರ ಎಂದೇ ತಿಳಿಯುತ್ತಾರೆ. ದಿನಗಟ್ಟಲೆ ಎರಡು ಮೂರು ಗಂಟೆ ಮಲಗಿದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ಒಂದರ ಮೇಲೊಂದು ಐಡಿಯಾ, ಕೈಯಲ್ಲಿಲ್ಲದ ದುಡ್ಡಿನ ಖರ್ಚು. ಸ್ಫೂರ್ತಿ ಬಂದವರಿಗೆ ಮರುದಿನ ದಣಿವಾಗುತ್ತದೆ. ದಣಿವೇ ಬಾರದಿದ್ದರೆ ಮನೆಯವರಾದರೂ ವೈದ್ಯರಿಗೆ ತಿಳಿಸಬೇಕು.

ಸಾಯುವ ಯೋಚನೆ ಬಂದರೆ ಒಂದು ಗಳಿಗೆಯೂ ಒಬ್ಬರೇ ಇರಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಸರ್ಕಾರಿ ವೈದ್ಯಕೀಯ ಸಂಸ್ಥೆ ಮಿಮ್ಸ್‌ನಲ್ಲೂ ಮನೋವೈದ್ಯ ವಿಭಾಗ ಇದೆ.

"ಮಾತ್ರೆ ತಗೊಂಡರೆ ಕಲ್ಪನೆ ಸತ್ತುಹೋಗುತ್ತೆ" ಎಂಬ ಭಯದಿಂದ ಚಿಕಿತ್ಸೆಯನ್ನು ನಡುವೆ ನಿಲ್ಲಿಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಳಿಗ್ಗೆ ಮಂಪರು ಕವಿಯುತ್ತದೆ, ಬರೆಯಲಾಗುತ್ತಿಲ್ಲ ಎಂದು ವೈದ್ಯರಿಗೇ ಹೇಳಿ. ಪ್ರಮಾಣವನ್ನೋ ಹೊತ್ತನ್ನೋ ಔಷಧಿಯನ್ನೋ ಬದಲಿಸಲು ಅವರಿಗೆ ದಾರಿಯಿರುತ್ತದೆ.

## ನಡುವೆ ಬಿಟ್ಟುಹೋದರೆ

ಬಿಟ್ಟುಹೋಗುತ್ತದೆ. ಮನೆಯಲ್ಲಿ ಮದುವೆ, ಮಗುವಿಗೆ ಜ್ವರ, ಕಬ್ಬು ಕಡಿಸುವ ಕಾಲ. ಆಗ ಬಿಟ್ಟ ದಿನಗಳನ್ನೆಲ್ಲ ನೆನಪು ಮಾಡಿಕೊಂಡು ಪುಸ್ತಕ ತುಂಬಲು ಕೂರಬೇಡಿ, ಹೊಸ ನೋಟ್‌ಬುಕ್ ಕೊಳ್ಳಲೂ ಬೇಡಿ. ಅದೇ ಪುಟದಲ್ಲಿ ಇವತ್ತಿನ ತಾರೀಕು ಹಾಕಿ ಎರಡನೇ ಹಂತದಿಂದ ಶುರು ಮಾಡಿ. ಊಟವಾಗಿದೆಯೇ ನೋಡಿಕೊಳ್ಳಿ, ಅರ್ಧ ಗಂಟೆ ನಡೆದು ಬನ್ನಿ. ಬಂದಮೇಲೆ ಈಗಿನ ಭಾವನೆಗೆ ಒಂದು ಪದ ಬರೆದು, ಅಲಾರಾಂ 25ಕ್ಕೆ ತಿರುಗಿಸಿ.